‘ಬೊಡ್ಚಿ’ ಎನ್ನಲು ಒಂದು ಬಟನ್

ನಾನು ಕಾಸರಗೋಡಿನ ಪೆರ್ಲ, ಬದಿಯಡ್ಕ ಕಡೆಯ ಶಾಲೆಗಳಿಗೆ ಹೋಗಿ ಬರುವ ವಿಶೇಷ ಶಿಕ್ಷಕಿ. ದಿನಕ್ಕೊಂದು ಶಾಲೆ. ಶಾಲೆಗೆ ಬರಲಾಗದ ಮಕ್ಕಳಿದ್ದರೆ ಅವರ ಮನೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದ ಊರುಗಳು ಇಲ್ಲಿ ಹತ್ತಿರದಲ್ಲೇ ಇವೆ. ಹಾಗಾಗಿ ಆ ವಿಷದ ಸುದ್ದಿಗೆಂದು ಮಕ್ಕಳ ಫೋಟೊ ತೆಗೆಯಲು ಬಂದವರನ್ನು ಇಲ್ಲಿನ ಅಮ್ಮಂದಿರು ಬಹಳ ನೋಡಿದ್ದಾರೆ. ನಾನು ಟ್ಯಾಬ್ ಹಿಡಿದು ಒಳಗೆ ಹೋದರೂ ಮೊದಲು ಅದೇ ಅನುಮಾನ.

ಈಗ ಹೇಳುವುದು ಒಬ್ಬ ಹುಡುಗನ ವಿಷಯ. ಆಗ ಅವನಿಗೆ 9 ವರ್ಷ. ಸೆರೆಬ್ರಲ್ ಪಾಲ್ಸಿ ಇದೆ, ಅಂದರೆ ಮೆದುಳಿನ ತೊಂದರೆಯಿಂದ ಸ್ನಾಯುಗಳು ಹೇಳಿದ ಹಾಗೆ ಕೇಳುವುದಿಲ್ಲ. ನಾವು ಹೇಳಿದ್ದೆಲ್ಲ ಅರ್ಥವಾಗುತ್ತದೆ, ಆದರೆ ಮಾತು ಹೊರಗೆ ಬರುವಾಗ ಬರೀ ಸ್ವರ. ಅವನ ಅಮ್ಮನಿಗೆ ಮಾತ್ರ ತಿಳಿಯುತ್ತಿತ್ತು. ಮನೆಮಾತು ತುಳು. ಶಾಲೆಯಲ್ಲಿ ಕನ್ನಡ. ಪೇಟೆಯಲ್ಲಿ ಮಲಯಾಳ.

ಅವನಿಗೆ ಮಾತಾಡಲು ನಾನು ಆರಿಸಿಕೊಂಡದ್ದು ಸಿಬೋರ್ಡ್ ಎಂಬ ಆಪ್. ಆಗ ಹಣ ಕೊಡಬೇಕಿರಲಿಲ್ಲ. ಚಿತ್ರ ಒತ್ತಿದರೆ ಟ್ಯಾಬ್ ಆ ಶಬ್ದ ಹೇಳುತ್ತದೆ. ನಮಗೆ ಬೇಕಾದ ಚಿತ್ರ ಹಾಕಬಹುದು, ಸ್ವರವನ್ನೂ ನಾವೇ ರೆಕಾರ್ಡ್ ಮಾಡಬಹುದು. ಅದರಲ್ಲಿ ಮೊದಲೇ ಇದ್ದ ಊಟದ ಚಿತ್ರಗಳಲ್ಲಿ ಬ್ರೆಡ್ ಇತ್ತು, ಫೋರ್ಕ್ ಇತ್ತು. ಅವನು ಬೆಳಿಗ್ಗೆ ತಿನ್ನುವ ಕುಚ್ಚಲಕ್ಕಿ ಗಂಜಿ ಇರಲಿಲ್ಲ. ಅವರ ಅಡುಗೆಮನೆಯಲ್ಲೇ ಫೋಟೊ ತೆಗೆದೆ. ಗಂಜಿ, ಉಪ್ಪಿನಕಾಯಿ, ನೀರುದೋಸೆ, ಅವನ ಕೆಂಪು ಲೋಟ.

ಕೆಂಪು ಲೋಟದಲ್ಲಿ ನಾನು ತಪ್ಪಿದೆ. ಅದು ‘ನೀರು’ ಎಂದು ನಾನು ಅಂದುಕೊಂಡಿದ್ದೆ. ಅವನಿಗೆ ಅದು ಆ ಲೋಟ ಮಾತ್ರ. ಶಾಲೆಯಲ್ಲಿ ಸ್ಟೀಲ್ ಲೋಟ, ಅಲ್ಲಿ ಬಾಯಾರಿದರೂ ಆ ಬಟನ್ ಒತ್ತಲಿಲ್ಲ. ಮತ್ತೆ ನೀರಿಗೆ ಸುಮ್ನೆ ಒಂದು ಹನಿಯ ಗೆರೆಚಿತ್ರ ಹಾಕಿದೆ. ಈಗ ತಿಂಡಿಗೆ, ಮನೆಯವರಿಗೆ ಫೋಟೊ. ಉಳಿದದ್ದಕ್ಕೆ ಗೆರೆಚಿತ್ರ.

ಅದಕ್ಕಿಂತ ದೊಡ್ಡ ತಪ್ಪು ಬೇರೆ. ಮೊದಲ ಪುಟದಲ್ಲಿ ನಾನು ಹಾಕಿದ್ದೆಲ್ಲ ಬೇಕಾದ ವಸ್ತುಗಳು. ಮೂರನೇ ವಾರ ಅವನು ಟ್ಯಾಬನ್ನು ನೆಲಕ್ಕೆ ದೂಡಿದ. ಹಟ ಅಂದುಕೊಂಡೆ. ಅಜ್ಜಿ ಪಕ್ಕದಲ್ಲಿ ಅಡಿಕೆ ಸುಲಿಯುತ್ತಾ ಕೂತಿದ್ದರು. “ಅವನಿಗೆ ಬೊಡ್ಚಿ ಟೀಚರ್” ಅಂದರು. ಬೊಡ್ಚಿ ಅಂದರೆ ಬೇಡ. ನಾನು ಪುಟ ನೋಡಿದೆ. ಬೇಡ ಎನ್ನಲು ಅವನಿಗೆ ನಾನು ಒಂದು ಬಟನ್ ಕೂಡ ಕೊಟ್ಟಿರಲಿಲ್ಲ. ಅವನ ಹತ್ತಿರ ಇದ್ದದ್ದು ಕೈ ಒಂದೇ.

ಅಂದೇ ‘ಬೊಡ್ಚಿ’ ಸೇರಿತು. ಜೊತೆಗೆ ‘ಯಾವು’ (ಸಾಕು), ‘ಬೇನೆ’ (ನೋವು), ‘ಬಲ’ (ಬಾ). ಈಗ ಯಾವ ಮಗುವಿಗೆ ಮಾಡಿದರೂ ಬೇಡ ಮತ್ತು ಸಾಕು ಮೊದಲ ದಿನವೇ ಇರುತ್ತವೆ. ಗಂಜಿ ಆಮೇಲೆ.

ಸ್ವರಕ್ಕೆ ಜಾಸ್ತಿ ಹೊತ್ತು ಹೋಯಿತು. ಟ್ಯಾಬಿನಲ್ಲಿ ಕನ್ನಡ ಓದುವ ಸ್ವರ ಇತ್ತು, ಮಲಯಾಳ ಇತ್ತು. ತುಳು ಇರಲಿಲ್ಲ. ಕನ್ನಡ ಅಕ್ಷರದಲ್ಲಿ ತುಳು ಬರೆದು ಓದಿಸಿದೆ. ‘ಬಲ’ ಹೇಗೋ ನಡೆಯಿತು. ‘ಪೋಪೆ’ ನಡೆಯಲಿಲ್ಲ. ತುಳುವಿನಲ್ಲಿ ಕೊನೆಯ ಎಕಾರವನ್ನು ಬಾಯಿ ಅಗಲಿಸಿ ಹೇಳಿದರೆ ‘ನಾನು ಹೋಗುತ್ತೇನೆ’. ಅಗಲಿಸದೆ ಹೇಳಿದರೆ ‘ಅವನು ಹೋಗುತ್ತಾನೆ’. ಕನ್ನಡ ಲಿಪಿಯಲ್ಲಿ ಬರೆದರೆ ಎರಡೂ ಒಂದೇ. ಅವನು ತನ್ನ ಬಗ್ಗೆ ಹೇಳಿದ್ದು ಬೇರೆ ಯಾರದೋ ಸುದ್ದಿಯ ಹಾಗೆ ಕೇಳುತ್ತಿತ್ತು. ಅಮ್ಮನೂ ಕೇಳಿದರು, “ಉಂದು ಏರೆನ ಸ್ವರ ಟೀಚರ್?” ಯಾರದ್ದು ಈ ಸ್ವರ ಎಂದು. ದೊಡ್ಡ ಹೆಂಗಸಿನ ದನಿ ಅವರ ಮಗನ ಕೈಯಿಂದ ಬರುತ್ತಿತ್ತಲ್ಲ!

ಚಿಕ್ಕಪ್ಪನ ಮಗ ಅದೇ ಮನೆಯಲ್ಲಿದ್ದ. ಇವನಿಗಿಂತ ಒಂದೇ ವರ್ಷ ದೊಡ್ಡವನು. ಅವನ ಸ್ವರ ತುಂಬಿಸೋಣ ಎಂದು ಕೂತೆವು. ಮಾಡಿನ ಶೀಟಿನ ಮೇಲೆ ಮಳೆ. ಒಳಗಿನ ಕೋಣೆಗೆ ಹೋಗಿ, ಬಾಗಿಲು ಹಾಕಿ, ಬಾಯಿಂದ ಒಂದು ಗೇಣು ದೂರದಲ್ಲಿ ಟ್ಯಾಬ್ ಹಿಡಿದೆ. ಪಟ್ಟಿ ಕೊಟ್ಟು ಓದು ಅಂದರೆ ಪಾಠ ಒಪ್ಪಿಸಿದ ಹಾಗೆ ಹೇಳಿದ. ಆಗ ಪಟ್ಟಿ ಬದಿಗಿಟ್ಟು, “ಹಾಗಲಕಾಯಿ ಪಲ್ಯ ಕೊಡಲಾ?” ಎಂದು ಕೇಳಿದೆ. “ಬೊಡ್ಚಿ!” ಅಂದ. ಅದನ್ನೇ ಹಿಡಿದೆ. ಪ್ರತಿ ಶಬ್ದಕ್ಕೂ ಹೀಗೊಂದು ಸಂದರ್ಭ ಕಟ್ಟಿ ಹೇಳಿಸಿದೆ. 24 ಶಬ್ದಕ್ಕೆ ಎರಡು ಮಧ್ಯಾಹ್ನ ಬೇಕಾಯಿತು. ಇವತ್ತಿಗೂ ಆ ‘ಬೊಡ್ಚಿ’ ಕೇಳಿದರೆ ಎದುರಿದ್ದವರು ಕೈ ಹಿಂದೆ ತೆಗೆಯುತ್ತಾರೆ.

ಶಾಲೆಗೆ ಕನ್ನಡದ ಪುಟ, ಅಂಗಡಿಗೆ ಮಲಯಾಳದ ಪುಟ ಬೇರೆ ಮಾಡಿದೆ. ಆದರೆ ಬೊಡ್ಚಿ ಇದ್ದ ಮೂಲೆಯಲ್ಲೇ ‘ಬೇಡ’, ಅಲ್ಲೇ ‘ವೇಂಡ’. ಜಾಗ ಬದಲಾಗಬಾರದು. ನಾವು ಕತ್ತಲೆಯಲ್ಲೂ ಮನೆಯ ಸ್ವಿಚ್ ಹುಡುಕುತ್ತೇವೆ ಅಲ್ವಾ, ಅವನ ಬೆರಳಿಗೂ ಹಾಗೇ ದಾರಿ ಅಭ್ಯಾಸವಾಗುತ್ತದೆ. ಅದಕ್ಕೇ ಮೊದಲೇ 24 ಮನೆಗಳ ಪುಟ ಮಾಡಿ, 9 ಮಾತ್ರ ತುಂಬಿಸಿ, ಉಳಿದವನ್ನು ಖಾಲಿ ಬಿಟ್ಟಿದ್ದೆ. ಹೊಸ ಶಬ್ದ ಬಂದಾಗ ಖಾಲಿ ಮನೆಗೆ ಹೋಗಿ ಕೂರುತ್ತದೆ, ಹಳೆಯದು ಕದಲುವುದಿಲ್ಲ.

ಕೈ ನಡುಗುವುದರಿಂದ ಪಕ್ಕದ ಬಟನ್ ಒತ್ತಿಹೋಗುತ್ತಿತ್ತು. ಬೋರ್ಡ್ ಮಾಡುವ ಅಂಗಡಿಯಲ್ಲಿ ಅಕ್ರಿಲಿಕ್ ಹಾಳೆಗೆ 24 ಕಿಟಕಿ ಕೊರೆಸಿ ಟ್ಯಾಬಿನ ಮೇಲೆ ಕೂರಿಸಿದೆ. ಈಗ ಕೈಯನ್ನು ಹಾಳೆಯ ಮೇಲೆ ಊರಿ, ಬೆರಳನ್ನು ಕಿಟಕಿಯೊಳಗೆ ಇಳಿಸುತ್ತಾನೆ. ಟ್ಯಾಬ್ ಯೂಟ್ಯೂಬಿಗೆ ಜಾರದ ಹಾಗೆ ಸೆಟ್ಟಿಂಗ್ಸಿನಲ್ಲಿ ಆಪ್ ಪಿನ್ ಮಾಡಿಟ್ಟೆ. ಮಳೆಗಾಲದಲ್ಲಿ ಕರೆಂಟ್ ಹೋದರೆ ಹೋದದ್ದೇ. ಅದಕ್ಕೆ ಅದೇ ಪುಟದ ಪ್ರಿಂಟ್ ತೆಗೆದು ಲ್ಯಾಮಿನೇಟ್ ಮಾಡಿಸಿ ಅಡುಗೆಮನೆಯಲ್ಲಿ, ಬಚ್ಚಲಿನ ಹತ್ತಿರ ನೇತುಹಾಕಿದೆವು.

ಇಷ್ಟಾದರೂ ಅವನು ತಾನಾಗಿ ಒತ್ತಲು ತಿಂಗಳುಗಳೇ ಹಿಡಿದವು. ಮನೆಯವರು “ಒತ್ತು, ಒತ್ತು” ಅನ್ನುತ್ತಿದ್ದರು. ಅದನ್ನು ಬಿಡಿಸಿದೆ. ಅದರ ಬದಲು ಅವರೇ ಮಾತಾಡುವಾಗ ಬಟನ್ ಒತ್ತಬೇಕು. ಅಮ್ಮ “ಬಲ” ಅನ್ನುವಾಗ ‘ಬಲ’ ಒತ್ತಬೇಕು. ಮಗು ಮಾತು ಕಲಿಯುವುದೇ ಸುತ್ತಲಿನವರ ಮಾತು ಕೇಳಿ. ಬಟನ್‌ನಲ್ಲಿ ಮಾತಾಡುವವರನ್ನೇ ನೋಡದ ಮಗು ಅದನ್ನು ಎಲ್ಲಿಂದ ಕಲಿಯಬೇಕು? ಅಜ್ಜಿ ಎಲ್ಲರಿಗಿಂತ ಬೇಗ ಕಲಿತರು.

ಮಾತು ಚೆನ್ನಾಗಿದ್ದು ಬರೆಯಲಾಗದ ಮಕ್ಕಳ ದಾರಿ ಬೇರೆ. ಆರನೇ ಕ್ಲಾಸಿನ ಒಬ್ಬ ಹುಡುಗಿಗೆ ಫೋನಿನ ಕನ್ನಡ ವಾಯ್ಸ್ ಟೈಪಿಂಗ್ ಹಾಕಿಕೊಟ್ಟೆ. ಅವಳದು ಹವ್ಯಕ ಕನ್ನಡ. “ಆನು ಹೋವ್ತೆ” (ನಾನು ಹೋಗುತ್ತೇನೆ) ಅಂದರೆ ಫೋನ್ ಏನೇನೋ ಬರೆಯಿತು. ಈಗ ಅವಳು ಮೊದಲು ಮನೆಮಾತಿನಲ್ಲಿ ನನಗೆ ಕಥೆ ಹೇಳುತ್ತಾಳೆ. ಮತ್ತೆ ಅದನ್ನೇ ಶಾಲೆಯ ಕನ್ನಡದಲ್ಲಿ ಸಣ್ಣ ಸಣ್ಣ ವಾಕ್ಯ ಮಾಡಿ ಫೋನಿಗೆ ಹೇಳುತ್ತಾಳೆ. ಬರೆದದ್ದನ್ನು ಫೋನೇ ಓದಿ ಹೇಳುವಾಗ ತಪ್ಪನ್ನು ಕಿವಿಯಿಂದ ಹಿಡಿಯುತ್ತಾಳೆ. ಕಣ್ಣಿಗೆ ಕಾಣದ ತಪ್ಪು ಅವಳ ಕಿವಿಗೆ ಸಿಗುತ್ತದೆ.

ಆ ಹುಡುಗನಿಗೆ ಈಗ 12. ಚಿಕ್ಕಪ್ಪನ ಮಗನಿಗೆ 13, ಸ್ವರ ಒಡೆಯಲು ಶುರುವಾಗಿದೆ. ಕಳೆದ ವಾರ ಒಂದು ಹೊಸ ಶಬ್ದ ರೆಕಾರ್ಡ್ ಮಾಡಿದೆವು. ಹಳೆಯ ಸ್ವರಕ್ಕೂ ಅದಕ್ಕೂ ಹೊಂದಲಿಲ್ಲ. ಇವನು ಎರಡನ್ನೂ ಒಂದಾದ ಮೇಲೊಂದು ಒತ್ತಿ ಕೇಳಿದ, ಮತ್ತೆ ಹಳೆಯದನ್ನು ತೋರಿಸಿ ‘ಬೊಡ್ಚಿ’ ಒತ್ತಿದ. ಅವನಿಗೂ ದೊಡ್ಡವನ ಸ್ವರ ಬೇಕಂತೆ. ಓಣಂ ರಜೆಯಲ್ಲಿ ಎಲ್ಲ ಶಬ್ದಗಳನ್ನು ಮತ್ತೆ ಹೇಳಿಸಬೇಕು. ಹಾಗಲಕಾಯಿಯ ಉಪಾಯ ಈ ಸಲ ನಡೆಯುವುದಿಲ್ಲ, ಅಣ್ಣ ಈಗ ಅದನ್ನು ತಿನ್ನುತ್ತಾನೆ.