ಕೊಪ್ಪಳದಂಥ ಊರಲ್ಲಿ ಬೌದ್ಧ ಧ್ಯಾನದ ಗುಂಪು ನಡೆಸುವವರಿಗೆ

ಕೊಪ್ಪಳದ ಗವಿಮಠದ ಬೆಟ್ಟದಲ್ಲಿ ಒಂದು ಬಂಡೆ ಮೇಲೆ ಅಶೋಕನ ಶಾಸನ ಇದೆ. ಜಾತ್ರೆಗೆ ಲಕ್ಷಗಟ್ಟಲೆ ಜನ ಬರುತ್ತಾರೆ, ಆದರೆ ಬಂಡೆ ಹತ್ತಿರ ಹೋಗಿ ನಿಲ್ಲುವವರು ಕಡಿಮೆ. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ, 2,200 ವರ್ಷಕ್ಕಿಂತ ಹಳೆಯದು. ಅದರಲ್ಲಿ ರಾಜ ಹೇಳುವುದನ್ನು ನಮ್ಮ ಮಾತಿನಲ್ಲಿ ಹೇಳಬೇಕೆಂದರೆ ಹೀಗೆ: ನಾನು ಉಪಾಸಕನಾಗಿ, ಅಂದರೆ ಮನೆಯಲ್ಲಿದ್ದೇ ಬುದ್ಧನನ್ನು ಅನುಸರಿಸುವವನಾಗಿ, ಎರಡೂವರೆ ವರ್ಷದ ಮೇಲಾಯಿತು, ಮೊದಲ ಒಂದು ವರ್ಷ ಅಷ್ಟೇನೂ ಪ್ರಯತ್ನ ಮಾಡಲಿಲ್ಲ, ಆಮೇಲೆ ಭಿಕ್ಖುಗಳ, ಅಂದರೆ ಬೌದ್ಧ ಸನ್ಯಾಸಿಗಳ, ಸಂಘದ ಹತ್ತಿರ ಹೋದೆ, ಈಗ ಮನಸ್ಸಿಟ್ಟು ಮಾಡುತ್ತಿದ್ದೇನೆ. ಇದು ದೊಡ್ಡವರಿಗೆ ಮಾತ್ರ ಆಗುವ ಕೆಲಸ ಅಲ್ಲ, ಸಣ್ಣವರೂ ಪ್ರಯತ್ನಪಟ್ಟರೆ ಮುಟ್ಟಬಹುದು ಅನ್ನುವ ಮಾತೂ ಅಲ್ಲೇ ಇದೆ.

ಗುಂಪು ನಡೆಸುವವರಿಗೆ ನಾನು ಮೊದಲು ತೋರಿಸುವುದು ಇದನ್ನೇ. ನಾನೂ ಕೆಲವು ವರ್ಷಗಳಿಂದ ಒಂದು ಭಾನುವಾರದ ಗುಂಪು ನೋಡಿಕೊಳ್ಳುತ್ತಿದ್ದೇನೆ. ಬೇರೆ ಊರುಗಳಿಂದ, ಮುಖ್ಯವಾಗಿ ಗಂಗಾವತಿ, ಸಿಂಧನೂರು ಕಡೆಯಿಂದ, "ನಮ್ಮಲ್ಲೂ ಶುರು ಮಾಡಬೇಕು, ಆದರೆ ನಡೆಸಲಿಕ್ಕೆ ನಮಗೇನು ಯೋಗ್ಯತೆ ಐತ್ರೀ" ಅಂತ ಕೇಳುವವರಿದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನೀವು ಗುರು ಆಗಬೇಕಾಗಿಲ್ಲ. ಬುದ್ಧನೇ ತನ್ನ ನಂತರ ಇಂಥವನು ಮುಖ್ಯಸ್ಥ ಅಂತ ಯಾರನ್ನೂ ನೇಮಿಸಿ ಹೋಗಲಿಲ್ಲ. ಅವನು ತೀರಿಕೊಂಡ ಮೇಲೆ ಒಬ್ಬ ಬ್ರಾಹ್ಮಣ, ಬುದ್ಧನ ಜೊತೆಗೇ ಇದ್ದ ಶಿಷ್ಯ ಆನಂದನನ್ನು ಇದನ್ನೇ ಕೇಳುತ್ತಾನೆ. ಆನಂದ ಹೇಳುವುದು, ನಮಗೆ ಅಂಥ ಒಬ್ಬ ಭಿಕ್ಖು ಇಲ್ಲ, ಆದರೆ ನಾವು ಆಸರೆ ಇಲ್ಲದವರಲ್ಲ, ಧಮ್ಮವೇ, ಅಂದರೆ ಬುದ್ಧನ ಬೋಧನೆಯೇ, ನಮ್ಮ ಆಸರೆ ಅಂತ. ಹಾಗಾಗಿ ನಿಮ್ಮ ಕೆಲಸ ತುಂಬಾ ಸರಳ. ಹೇಳಿದ ದಿನ, ಹೇಳಿದ ಹೊತ್ತಿಗೆ ಬಾಗಿಲು ತೆರೆದಿರಬೇಕು.

ಸರಳ ಅಂದೆ, ಆದರೆ ಇಲ್ಲೇ ನಾನು ತಪ್ಪು ಮಾಡಿದ್ದು. ಕೋಣೆಯ ಕೀಲಿಕೈ ನನ್ನ ಹತ್ತಿರ ಮಾತ್ರ ಇತ್ತು. ಒಂದು ಶನಿವಾರ ಸಂಬಂಧಿಕರೊಬ್ಬರು ತೀರಿಕೊಂಡರು ಅಂತ ಹುಬ್ಬಳ್ಳಿಗೆ ಓಡಿದೆ, ಕೀಲಿಕೈ ಜೇಬಿನಲ್ಲೇ ಹೋಯಿತು. ಮರುದಿನ ಬೆಳಿಗ್ಗೆ ಜನ ಬಂದು, ಅರ್ಧ ತಾಸು ಕಟ್ಟೆ ಮೇಲೆ ಕೂತು, ವಾಪಸ್ ಹೋದರು. ಅವತ್ತು ಮೊದಲ ಸಲ ಬಂದಿದ್ದ ಇಬ್ಬರು ಮತ್ತೆ ಬರಲೇ ಇಲ್ಲ. ಈಗ ಕೀಲಿಕೈ ಮೂವರ ಹತ್ತಿರ ಇದೆ, ಅವರಲ್ಲಿ ಒಬ್ಬರು ಹೆಣ್ಣುಮಕ್ಕಳು ಇರಲೇಬೇಕು ಅಂತ ಮಾಡಿಕೊಂಡಿದ್ದೇವೆ. ಹಾಗೇ ಧ್ಯಾನ ನಡೆಸುವುದೂ ಒಬ್ಬರದೇ ಕೆಲಸ ಅಲ್ಲ. ಮೂವರು ನಾಲ್ವರು ಪಾಳಿ ಹಚ್ಚಿಕೊಂಡು ನಡೆಸಿದರೆ ಯಾರೊಬ್ಬರ ಮೇಲೂ ಗುಂಪು ನಿಲ್ಲುವುದಿಲ್ಲ.

ಯಾರನ್ನು ಆರಿಸಬೇಕು? ಚೆನ್ನಾಗಿ ಮಾತಾಡುವವರನ್ನಲ್ಲ. ತಪ್ಪದೆ ಬರುವವರನ್ನು, ಕಸ ಗುಡಿಸಲು ಹಿಂಜರಿಯದವರನ್ನು, ಹೊಸಬರು ಬಂದರೆ ಪಕ್ಕಕ್ಕೆ ಸರಿದು ಜಾಗ ಕೊಡುವವರನ್ನು ನೋಡಿ. ಮನೆಯಲ್ಲಿ ದಿನಾ ಕೂರುತ್ತಾರಾ ಕೇಳಿ. ಪಂಚಶೀಲ, ಅಂದರೆ ನಡತೆಯ ಐದು ನಿಯಮ, ಬಾಯಲ್ಲಿ ಮಾತ್ರ ಇದೆಯೋ ಅಂತಲೂ ಗಮನಿಸಿ, ಮುಖ್ಯವಾಗಿ ಐದನೆಯದು, ಕುಡಿಯಬಾರದು ಅನ್ನುವುದು. ಕುಡಿತದಿಂದ ಸೋತ ಮನೆಗಳ ಹೆಂಗಸರು ನಮ್ಮ ಗುಂಪಿಗೆ ಬರುತ್ತಾರೆ, ಮುಂದೆ ಕೂತವರ ಬಾಯಿ ವಾಸನೆ ಅವರಿಗೆ ಮೊದಲು ಗೊತ್ತಾಗುತ್ತದೆ.

ಹೊತ್ತು ಗೊತ್ತು ಮಾಡುವಾಗ ನಮ್ಮ ಬಿಸಿಲನ್ನು ಮರೆಯಬೇಡಿ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರುಗಳು ನಮ್ಮವು. ಬೆಳಿಗ್ಗೆ ಆರಕ್ಕೆ ಶುರು ಮಾಡಿ ಏಳೂವರೆಗೆ ಮುಗಿಸಿದರೆ ಕರೆಂಟ್ ಹೋದರೂ ನಡೆಯುತ್ತದೆ. ಭತ್ತದ ನಾಟಿ, ಹತ್ತಿ ಬಿಡಿಸುವ ಕೆಲಸ ಇದ್ದಾಗ ಜನ ಕಡಿಮೆ ಆಗುತ್ತಾರೆ, ಅದಕ್ಕೆ ಬೇಜಾರಾಗಬೇಡಿ. ಇಬ್ಬರೇ ಬಂದರೂ ಕೂರಿ. ಗುಳೆ ಹೋದವರ ವಿಷಯ ಮಾತ್ರ ಬೇರೆ. ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಹೋಗಿ ತಗಡಿನ ಶೆಡ್ಡಿನಲ್ಲಿರುವವರಿಗೆ ವಾರಕ್ಕೊಮ್ಮೆ ಫೋನ್ ಮಾಡಿ. "ಕೂತಿದ್ರಿ ಏನ್ರೀ" ಅಂತ ಶುರು ಮಾಡಬೇಡಿ, ಊಟ, ಕೂಲಿ, ಮಕ್ಕಳ ಶಾಲೆ ವಿಚಾರಿಸಿ. ಒಮ್ಮೆ ಭೇದಿಯಾಗಿ ನೆಲದಲ್ಲಿ ಬಿದ್ದಿದ್ದ ಭಿಕ್ಖುವನ್ನು ಬುದ್ಧ ಆನಂದನ ಜೊತೆ ಸೇರಿ ತಾನೇ ತೊಳೆದು, ಎತ್ತಿ ಮಲಗಿಸಿ, ನನ್ನ ಸೇವೆ ಮಾಡಬೇಕೆನ್ನುವವರು ರೋಗಿಗಳ ಸೇವೆ ಮಾಡಲಿ ಅಂದ. ಯಾರೋ ಎರಡು ವಾರ ಬರಲಿಲ್ಲ ಅಂದರೆ ನನಗೆ ಈ ಕತೆ ನೆನಪಾಗುತ್ತದೆ, ಫೋನ್ ತೆಗೆಯುತ್ತೇನೆ.

ಕೂರಿಸುವುದು ಹೇಗೆ ಅಂತೀರಾ? ತಿಸರಣ (ಬುದ್ಧ, ಧಮ್ಮ, ಸಂಘಕ್ಕೆ ಶರಣು ಅನ್ನುವುದು), ಪಂಚಶೀಲ ಹೇಳಿಸಲು ಐದು ನಿಮಿಷ. ಆಮೇಲೆ ಉಸಿರು ನೋಡುವುದು, ಅಂದರೆ ಆನಾಪಾನ. ಹೊಸಬರಿಗೆ ಇಪ್ಪತ್ತು ನಿಮಿಷ ಸಾಕು, ಒಂದು ತಾಸು ಕೂರಿಸಿದರೆ ಮಂಡಿ ನೋವು ಮಾತ್ರ ನೆನಪಿರುತ್ತದೆ. ನಾನು ಮೊದಮೊದಲು ಸಮಾಧಿ, ಪ್ರಜ್ಞೆ, ಅನಿಚ್ಚ ಅಂತೆಲ್ಲ ಹೇಳುತ್ತಿದ್ದೆ, ಎದುರಿಗೆ ಕೂತವರು ತಲೆ ಆಡಿಸುತ್ತಿದ್ದರು. ಒಂದಿನ ನಮ್ಮ ಗುಂಪಿನ ಅಕ್ಕ ಒಬ್ಬರು ನಡೆಸಿದರು. "ಉಸುರು ಒಳಗ ಬರಾಕತ್ತೈತಿ, ನೋಡ್ರಿ. ಹೊರಗ ಹೊಂಟೈತಿ, ನೋಡ್ರಿ. ಮನಸ್ಸು ಹೊಲಕ್ಕ ಹೋತು? ಹೋಗ್ಲಿ ಬಿಡ್ರಿ, ಕರಕೊಂಡು ಬರ್ರಿ." ಇಷ್ಟೇ. ಕೋಣೆ ಪೂರ್ತಿ ತಣ್ಣಗಾಯಿತು. ಮನೆಯಲ್ಲಿ ಯಾವ ಮಾತಾಡುತ್ತೀರೋ ಅದರಲ್ಲೇ ಹೇಳಿ. ಕೊನೆಗೆ ಐದು ನಿಮಿಷ ಮೆತ್ತಾ, ಅಂದರೆ ಎಲ್ಲರಿಗೂ ಒಳ್ಳೆಯದು ಬಯಸುವುದು: ನಾನು ಸುಖವಾಗಿರಲಿ, ಪಕ್ಕದವರು ಸುಖವಾಗಿರಲಿ, ನನಗೆ ಆಗದವರೂ ಸುಖವಾಗಿರಲಿ. ಕೆಳಗೆ ಕೂರಲಾಗದವರಿಗೆ ಕುರ್ಚಿ ಹಾಕಿ, ಅದು ಕಡಿಮೆ ಧ್ಯಾನ ಅಲ್ಲ. ನಿದ್ದೆ ಬಂದವರನ್ನು ಎಬ್ಬಿಸಬೇಡಿ, ಅವರು ರಾತ್ರಿ ಪಾಳಿ ಮುಗಿಸಿ ನೇರ ಬಂದಿರಬಹುದು.

ನಿಮಗೆ ಧ್ಯಾನದಲ್ಲಿ ಏನು ಕಂಡಿತು ಅನ್ನುವುದನ್ನು ಹೇಳಿಕೊಳ್ಳಬೇಡಿ. ಇದು ನನ್ನ ಸಲಹೆ ಮಾತ್ರ ಅಲ್ಲ. ಇಲ್ಲದ ಸಿದ್ಧಿಯನ್ನು ಇದೆ ಅಂತ ಬೇಕಂತಲೇ ಸುಳ್ಳು ಹೇಳಿದ ಭಿಕ್ಖು ಸಂಘದಿಂದಲೇ ಹೊರಗೆ, ನಿಜವಾಗಿ ಇದ್ದರೂ ಗೃಹಸ್ಥರ ಮುಂದೆ ಹೇಳಿಕೊಳ್ಳುವುದು ತಪ್ಪು, ಅಂತ ವಿನಯದಲ್ಲಿ, ಅಂದರೆ ಭಿಕ್ಖುಗಳ ನಡವಳಿಕೆಯ ಕಟ್ಟಳೆಯಲ್ಲಿ, ನಿಯಮವೇ ಇದೆ. ನೀವು ಬೆಳಕು ಕಂಡೆ ಅಂದರೆ ಮುಂದಿನ ವಾರದಿಂದ ಎಲ್ಲರೂ ಬೆಳಕನ್ನೇ ಹುಡುಕುತ್ತಾರೆ, ಕಾಣದವರು ಮನೆಗೆ ಹೋಗಿ ಅಳುತ್ತಾರೆ.

ಒಬ್ಬರು ನಿಜವಾಗಿ ಅತ್ತರೆ? ಅಳಲಿ, ಪಕ್ಕದಲ್ಲಿರಿ, ನೀರು ಕೊಡಿ. ಆದರೆ ನಾಲ್ಕೈದು ದಿನದಿಂದ ನಿದ್ದೆಯೇ ಇಲ್ಲ, ಯಾರೋ ಮಾತಾಡಿದ ಹಾಗೆ ಕೇಳಿಸುತ್ತದೆ, ಸಾಯಬೇಕು ಅನಿಸುತ್ತದೆ ಅಂದರೆ ಅವರನ್ನು ಇನ್ನೂ ಜಾಸ್ತಿ ಕೂರಿಸಬೇಡಿ. ಧ್ಯಾನ ನಿಲ್ಲಿಸಿ, ಮನೆಯವರಿಗೆ ಹೇಳಿ, ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಹತ್ತಿರ ನೀವೇ ಕರೆದುಕೊಂಡು ಹೋಗಿ. ಸರ್ಕಾರದ ಟೆಲಿ ಮಾನಸ್ ಸಂಖ್ಯೆ 14416, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಅದನ್ನು ಗೋಡೆ ಮೇಲೆ ದೊಡ್ಡದಾಗಿ ಬರೆದಿಡಿ. ಯಾರಿಗೂ, ಯಾವತ್ತೂ, ಧ್ಯಾನ ಮಾಡ್ತಿದ್ದೀರಲ್ಲ ಇನ್ನು ಮಾತ್ರೆ ಯಾಕೆ ಅನ್ನಬೇಡಿ.

ದುಡ್ಡಿನ ಬಗ್ಗೆ ಒಂದೇ ಮಾತು. ಕಲಿಸುವುದಕ್ಕೆ ಹಣ ಇಲ್ಲ. ಬಾಡಿಗೆ, ಜಮಖಾನೆ, ಚಹಾಕ್ಕೆ ಡಬ್ಬಿ ಇಡಿ, ಇಬ್ಬರು ಕೂತು ಎಣಿಸಿ, ಲೆಕ್ಕ ಗೋಡೆಗೆ ಅಂಟಿಸಿ, ನಿಮ್ಮ ಸ್ವಂತ ಫೋನ್ ಪೇಗೆ ಒಂದು ರೂಪಾಯಿಯೂ ಬೇಡ.

ಈಗ ನಿಜವಾಗಿ ಕಷ್ಟದ ವಿಷಯ. ನಮ್ಮ ಕಡೆ ಗುಂಪಿಗೆ ಎರಡು ದಾರಿಯಿಂದ ಜನ ಬರುತ್ತಾರೆ. ಒಂದು, ಬಾಬಾಸಾಹೇಬ ಅಂಬೇಡ್ಕರರು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ತೆಗೆದುಕೊಂಡ ಬೌದ್ಧ ದೀಕ್ಷೆಯನ್ನು ತಮ್ಮ ಮನೆಯ ದೀಕ್ಷೆ ಅಂದುಕೊಂಡವರು. ಇನ್ನೊಂದು, ಹತ್ತು ದಿನದ ವಿಪಶ್ಯನ ಶಿಬಿರ ಮುಗಿಸಿಯೋ, ಬಿಪಿ ಕಡಿಮೆ ಆಗಲಿ ಅಂತಲೋ ಬಂದವರು. ಒಮ್ಮೆ ಮೊದಲ ಗುಂಪಿನ ಹುಡುಗನೊಬ್ಬ ಎದ್ದು ಕೇಳಿದ: "ಕಣ್ಣ ಮುಚ್ಚಿ ಕುಂತ್ರ ನಮ್ಮೂರ ಹೋಟೆಲ್‌ನಾಗ ನಮಗ ಬ್ಯಾರೆ ಗ್ಲಾಸು ಇಡೋದು ನಿಂದ್ರತೈತೇನ್ರೀ ಅಣ್ಣಾರ?" ಇನ್ನೊಬ್ಬರು, "ಇಲ್ಲಿ ರಾಜಕೀಯ ಬ್ಯಾಡ" ಅಂದರು. ಆಗ ನಡೆಸುವವರು ಸುಮ್ನೆ ಕೂರಬಾರದು. ಆ ಹುಡುಗ ಕೇಳಿದ್ದು ಧಮ್ಮದ ಪ್ರಶ್ನೆಯೇ. ಶಾಕ್ಯರ, ಅಂದರೆ ಬುದ್ಧನ ಕುಲದ, ರಾಜಕುಮಾರರು ಭಿಕ್ಖುಗಳಾಗಲು ಬಂದಾಗ, ನಮ್ಮ ಕುಲದ ಸೊಕ್ಕು ಮುರಿಯಬೇಕು, ಆದ್ದರಿಂದ ನಮ್ಮ ಕ್ಷೌರಿಕ ಉಪಾಲಿಗೆ ಮೊದಲು ದೀಕ್ಷೆ ಕೊಡಿ ಅಂತ ಅವರೇ ಕೇಳಿಕೊಂಡರು, ಹಾಗಾಗಿ ಅವರೆಲ್ಲ ಉಪಾಲಿಗೆ ಕೈಮುಗಿಯಬೇಕಾಯಿತು. ನಾನು ಅವತ್ತು ಈ ಕತೆ ಹೇಳಿದೆ, ಆಮೇಲೆ ಆ ಹೋಟೆಲ್ಲಿಗೆ ಗುಂಪಿನಿಂದ ಆರು ಜನ, ಎಲ್ಲಾ ಓಣಿಯವರೂ, ಒಟ್ಟಿಗೆ ಚಹಾಕ್ಕೆ ಹೋದೆವು. ಒಂದೇ ದಿನ ಅಲ್ಲ, ಆ ಬೇರೆ ಗ್ಲಾಸುಗಳು ಹೋಗುವ ತನಕ ಪ್ರತಿ ಭಾನುವಾರ. ನಿಮ್ಮ ಗುಂಪಿನಲ್ಲೂ ನೀರಿನ ಕೊಡ ಒಂದೇ ಇರಲಿ. ಯಾರು ಎಲ್ಲಿ ಕೂರುತ್ತಾರೆ ಅಂತ ತಿಂಗಳಿಗೊಮ್ಮೆ ಕಣ್ಣಾಡಿಸಿ, ಗೋಡೆ ಪಕ್ಕ ಯಾವಾಗಲೂ ಅದೇ ಓಣಿಯವರು ಕೂರುತ್ತಿದ್ದರೆ ನೀವೇ ಹೋಗಿ ಅಲ್ಲಿ ಕೂರಿ.

ಭಿಕ್ಖುಗಳು ಬಂದರೆ ಊಟ ಮಧ್ಯಾಹ್ನ ಹನ್ನೆರಡರೊಳಗೆ ಮುಗಿಯಬೇಕು, ರೊಟ್ಟಿ ಪಲ್ಯ ಸಾಕು, ದುಡ್ಡನ್ನು ಅವರ ಕೈಗೆ ಇಡಬೇಡಿ. ವರ್ಷಕ್ಕೊಮ್ಮೆ ಗುಂಪನ್ನು ಅಶೋಕನ ಶಾಸನ ಇರುವ ಕೊಪ್ಪಳದ ಪಾಲ್ಕಿಗುಂಡಿಗೋ, ರಾಯಚೂರು ಜಿಲ್ಲೆಯ ಮಸ್ಕಿಗೋ ಕರೆದುಕೊಂಡು ಹೋಗಿ. ಮಸ್ಕಿಯ ಶಾಸನ 1915ರಲ್ಲಿ ಸಿಕ್ಕಿದ್ದು, ಶಾಸನಗಳಲ್ಲಿ ಬರುವ ದೇವಾನಾಂಪಿಯ ಅನ್ನುವ ರಾಜ ಅಶೋಕನೇ ಅಂತ ಅದರಲ್ಲಿನ ಹೆಸರಿನಿಂದ ಗಟ್ಟಿಯಾಯಿತು. ಬಳ್ಳಾರಿ ಕಡೆಯವರಿಗೆ ನಿಟ್ಟೂರು, ಉಡೇಗೋಳದ ಶಾಸನಗಳು ಹತ್ತಿರ. ಬಂಡೆ ಮುಂದೆ ಹತ್ತು ನಿಮಿಷ ಕಣ್ಣು ಮುಚ್ಚಿ ಕೂತರೆ ಇದು ಎಲ್ಲಿಂದಲೋ ಬಂದ ಹೊಸ ಪದ್ಧತಿ ಅನ್ನುವ ಸಂಕೋಚ ಹೋಗುತ್ತದೆ.

ಕೊನೆಗೆ, ಸೀಗಿ ಹುಣ್ಣಿಮೆಯ ಕೆಲಸ. ಭಿಕ್ಖುಗಳಿಗೆ ಮೂರು ತಿಂಗಳ ವರ್ಷಾವಾಸ, ಅಂದರೆ ಮಳೆಗಾಲದಲ್ಲಿ ಒಂದೇ ಕಡೆ ಉಳಿಯುವುದು, ಮುಗಿಯುವ ಹುಣ್ಣಿಮೆ ಅದು. ಅವತ್ತು ಪವಾರಣಾ ಮಾಡುತ್ತಾರೆ. ಒಬ್ಬೊಬ್ಬರೂ ಸಂಘದ ಮುಂದೆ, ನನ್ನಲ್ಲಿ ಏನಾದರೂ ತಪ್ಪು ಕಂಡಿದ್ದರೆ, ಕೇಳಿದ್ದರೆ, ಅನುಮಾನ ಬಂದಿದ್ದರೆ ಕರುಣೆಯಿಟ್ಟು ಹೇಳಿ ಅಂತ ಕೇಳಿಕೊಳ್ಳಬೇಕು. ಬುದ್ಧನೂ ಹಾಗೆ ಕೇಳಿದ್ದುಂಟು. ಗುಂಪು ನಡೆಸುವವರು ವರ್ಷಕ್ಕೊಮ್ಮೆ ಇದನ್ನು ಮಾಡಲೇಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ. ನೆಲದ ಮೇಲೆ, ಎಲ್ಲರ ಸಮಕ್ಕೆ ಕೂರಿ, ಕೇಳಿ, ಆಮೇಲೆ ಬಾಯಿ ಮುಚ್ಚಿಕೊಂಡಿರಿ. ಸಮಜಾಯಿಷಿ ಕೊಟ್ಟರೆ ಮುಂದಿನ ವರ್ಷ ಯಾರೂ ಹೇಳುವುದಿಲ್ಲ. ಎದುರಿಗೆ ಹೇಳಲು ಅಂಜುವವರಿಗೆ ಚೀಟಿ ಇಡಿ, ಬರೆಯಲು ಬಾರದವರು ಇನ್ನೊಬ್ಬರ ಕಿವಿಯಲ್ಲಿ ಹೇಳಲಿ.

ನಾನು ಮೊದಲ ಸಲ ಕೇಳಿದಾಗ ತುಂಬಾ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ವಯಸ್ಸಾದ ಅವ್ವ ಒಬ್ಬರು, "ಅಣ್ಣಾರ, ಎಲ್ಲಾರ ಜೋಡಿ ನಾವೂ ಕಣ್ಣ ತೆಗಿತೀವಿ. ಆದ್ರ ನೀವು ಕಣ್ಣ ತೆಗದ ಕೂಡ್ಲೆ ಹೆಣ್ಣಮಕ್ಕಳ ಕಡೆ ನೋಡಿ ಚಹಾ ಅಂತೀರಿ" ಅಂದರು. ನಿಜ, ಅಷ್ಟು ವರ್ಷ ಹಾಗೇ ಮಾಡಿದ್ದೆ. ಈಗ ಚಹಾಕ್ಕೂ ಪಾಳಿ ಹಚ್ಚಿದ್ದೇವೆ, ಕೀಲಿಕೈ ಪಟ್ಟಿಯ ಪಕ್ಕದಲ್ಲೇ ಅದೂ ಇದೆ. ಧ್ಯಾನ ನಡೆಸಿದವರೇ ಆ ವಾರ ಸ್ಟೋವ್ ಹಚ್ಚಬೇಕು, ಲೋಟ ತೊಳೆಯಬೇಕು.