ನೀರು ಸೋಕದಿದ್ದರೆ ವರ್ಷ, ಸೋಕಿದರೆ ವಾರ

ಒಂದು ಮಧ್ಯಾಹ್ನ ನಮ್ಮ ಅಡುಗೆಮನೆ ಸಿಂಕ್ ಕೆಳಗಿನಿಂದ ‘ಡಬ್’ ಅಂತ ಸದ್ದು ಬಂತು. ಬಗ್ಗಿ ನೋಡಿದರೆ ಎರಡು ಲೀಟರ್ ಬಾಟಲಿಯ ಮುಚ್ಚಳ ಹಾರಿ ಮೂಲೆಗೆ ಬಿದ್ದಿತ್ತು. ಒಳಗಿದ್ದದ್ದು ನಾನೇ ಕುದಿಸಿ, ಸೋಸಿ ತುಂಬಿಟ್ಟಿದ್ದ ಅಂಟುವಾಳದ ನೀರು. ತಿಂಗಳಿಗಾಗುವಷ್ಟು ಒಂದೇ ಸಲ ಮಾಡಿಟ್ಟರೆ ಕೆಲಸ ಹಗುರ ಅಂದುಕೊಂಡಿದ್ದೆ. ಹತ್ತೇ ದಿನಕ್ಕೆ ಹುಳಿ ಬಂದು, ಗ್ಯಾಸ್ ತುಂಬಿಕೊಂಡು ಸಿಡಿದಿತ್ತು. ಆ ವಾಸನೆ ಹೇಳುವುದು ಬೇಡ.

ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಂದರು. “ಅಂಟುವಾಳಾನ ಯಾರಾದ್ರೂ ಕಷಾಯ ಮಾಡಿ ಬಾಟ್ಲಿಗೆ ತುಂಬಿಡ್ತಾರೇನಮ್ಮ? ಬೇಕಾದಾಗ ನಾಲ್ಕು ನೆನೆಹಾಕ್ಕೊಂಡ್ರೆ ಆಯ್ತಪ್ಪ” ಅಂದರು. ಶಾಂಪೂ, ಫೇಸ್‌ವಾಷ್ ಬದಲಿನ ಪುಡಿಗಳನ್ನೂ ಹಾಲಿಲ್ಲದ ಮೊಸರನ್ನೂ ಮನೆಯಲ್ಲೇ ಮಾಡಿಕೊಳ್ಳತೊಡಗಿದ ಈ ನಾಲ್ಕು ವರ್ಷದಲ್ಲಿ ನಾನು ಕಲಿತದ್ದರಲ್ಲಿ ಮುಕ್ಕಾಲು ಪಾಲು ಆ ಒಂದು ಮಾತಿನಲ್ಲೇ ಇತ್ತು.

ಇದು ಶುರುವಾದದ್ದು ಒಂದು ಲೆಕ್ಕದಿಂದ. ಬಚ್ಚಲುಮನೆ ಕ್ಲೀನ್ ಮಾಡುವಾಗ ಶಾಂಪೂ, ಕಂಡೀಷನರ್, ಫೇಸ್‌ವಾಷ್ ಎಲ್ಲ ಎಣಿಸಿದೆ. 17 ಬಾಟಲಿ, ಮನೆಯಲ್ಲಿ ನಾಲ್ಕು ಜನ. ಅದೇ ವರ್ಷ ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗಳು ವೀಗನ್ ಆದಳು. ಹಾಲು, ಮೊಸರು, ತುಪ್ಪ, ಜೇನುತುಪ್ಪ ಯಾವುದೂ ಬೇಡ ಅಂದಳು. ಮೈಸೂರಿನ ಮನೆಯಲ್ಲಿ ಮೊಸರಿಲ್ಲದ ಊಟ ಅಂದರೆ ಏನು ಅಂತ ನಿಮಗೇ ಗೊತ್ತು.

ಮೊದಲು ತಲೆಯ ವಿಷಯ. ಸೀಗೆಪುಡಿಗೆ ಸಾಮಾನೆಲ್ಲ ದೇವರಾಜ ಮಾರುಕಟ್ಟೆ ಹತ್ತಿರದ ಗ್ರಂಧಿಗೆ ಅಂಗಡಿಯಲ್ಲಿ ಸಿಗುತ್ತದೆ. ಮನೆಯಿಂದಲೇ ಬಟ್ಟೆ ಚೀಲ ತೆಗೆದುಕೊಂಡು ಹೋಗುತ್ತೇನೆ. ನನ್ನ ಅಳತೆ ಇಷ್ಟು: ಒಂದು ಕೆಜಿ ಸೀಗೆಕಾಯಿಗೆ ಕಾಲು ಕೆಜಿ ಅಂಟುವಾಳ, ಕಾಲು ಕೆಜಿ ಹೆಸರುಕಾಳು, ಕಾಲು ಕೆಜಿ ಮೆಂತ್ಯ, ಎರಡು ಹಿಡಿ ಒಣಗಿದ ದಾಸವಾಳದ ಎಲೆ. ಅಂಟುವಾಳದ ಬೀಜ ತೆಗೆಯಲೇಬೇಕು. ಕಪ್ಪಗೆ, ಗೋಲಿಯ ಹಾಗೆ ಗಟ್ಟಿ. ಮಿಕ್ಸಿಗೆ ಸಿಕ್ಕಿದರೆ ಬ್ಲೇಡಿನ ಕಥೆ ಮುಗಿಯಿತು. ಎಲ್ಲವನ್ನೂ ಮೂರು ದಿನ ಬಿಸಿಲಿಗೆ ಹಾಕಿ, ಮುರಿದರೆ ‘ಪಟ್’ ಅನ್ನುವ ಹಾಗೆ ಆದಮೇಲೆ ಮಿಲ್ಲಿಗೆ. ಮಿಲ್ಲಿನವರಿಗೆ ಸೀಗೆಕಾಯಿ ಅಂದರೆ ಆಗಲ್ಲ, ಸೀನು ಹತ್ತುತ್ತದೆ. ನಮ್ಮ ಬೀದಿಯವರು ರಜದ ಹಿಂದಿನ ಸಂಜೆ, ಎಲ್ಲರ ಹಿಟ್ಟೂ ಮುಗಿದ ಮೇಲೆ ಮಾಡಿಕೊಡುತ್ತಾರೆ. ಅವರ ಮುಖಕ್ಕೂ ಟವೆಲ್ಲು, ನನ್ನ ಮುಖಕ್ಕೂ ಟವೆಲ್ಲು.

ಈ ಪುಡಿ ಡಬ್ಬಿಯಲ್ಲಿ ಸುಮಾರು ಒಂದು ವರ್ಷ ಇರುತ್ತದೆ, ಒದ್ದೆ ಚಮಚ ಹಾಕದಿದ್ದರೆ. ಸ್ನಾನಕ್ಕೆ ಹೋಗುವ ಮುಂಚೆ ಬೇಕಾದಷ್ಟನ್ನು ಬಿಸಿನೀರಲ್ಲಿ ಕಲಸಿಕೊಂಡರಾಯಿತು. ಶಾಂಪೂ ಥರ ನೊರೆ ಬರಲ್ಲ. ಮೊದಲ ಎರಡು ವಾರ ತಲೆ ಕೊಳೆಯಾಗೇ ಇದೆ ಅನ್ನಿಸುತ್ತದೆ. ಕಣ್ಣಿಗೆ ಹೋದರೆ ಉರಿ ಜೋರು. ಮತ್ತೆ ಬಚ್ಚಲ ತೂತಿಗೆ ಜಾಲರಿ ಇಡಿ. ನಾನು ಇಡದೆ ಪ್ಲಂಬರ್‌ಗೆ ದುಡ್ಡು ಕೊಟ್ಟಿದ್ದೇನೆ. ಪುರುಸೊತ್ತಿದ್ದರೆ ಹಸಿ ದಾಸವಾಳದ ಎಲೆಯನ್ನು ನೀರಲ್ಲಿ ಕಿವುಚಿ, ಆ ಲೋಳೆಯಲ್ಲೇ ತಲೆ ತೊಳೆಯಬಹುದು. ಶಿರಸಿ ಕಡೆಯ ನೆಂಟರು ಇದಕ್ಕೆ ಗೊಂಪು ಅಂತಾರೆ. ಅದೂ ಅಷ್ಟೇ, ಆವತ್ತಿನದು ಆವತ್ತಿಗೆ.

ಮುಖಕ್ಕೆ ಹೆಸರುಹಿಟ್ಟು, ಒಣಗಿಸಿದ ಕಿತ್ತಳೆ ಸಿಪ್ಪೆಯ ಪುಡಿ, ಚಿಟಿಕೆ ಅರಿಶಿನ. ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಎಲ್ಲರಿಗೂ ಗೊತ್ತಿರುವುದೇ. ನಿಂಬೆಹಣ್ಣಿನ ಕಥೆ ಮಾತ್ರ ಹೇಳಬೇಕು. ಮೊಬೈಲಲ್ಲಿ ಯಾವುದೋ ವಿಡಿಯೋ ನೋಡಿ ನಿಂಬೆರಸ ಹಚ್ಚಿಕೊಂಡೆ. ಅರ್ಧಂಬರ್ಧ ತೊಳೆದು, ಸಿಪ್ಪೆ ಒಣಗಿಸಲು ತಾರಸಿಗೆ ಹೋದೆ. ಏಪ್ರಿಲ್ ಬಿಸಿಲು. ಸಂಜೆಗೆ ಕೆನ್ನೆ ಉರಿಯತೊಡಗಿತು, ಎರಡು ದಿನ ಬಿಟ್ಟು ಕಂದು ಕಲೆ ಎದ್ದಿತು. ನಿಂಬೆಯಲ್ಲಿರುವ ಒಂದು ಅಂಶ ಬಿಸಿಲು ತಾಗಿದಾಗ ಚರ್ಮವನ್ನು ಸುಡುತ್ತದೆ ಅಂತ ಚರ್ಮದ ಡಾಕ್ಟರ್ ಹೇಳಿದರು. ಕಲೆ ಹೋಗಲು ತಿಂಗಳುಗಳೇ ಬೇಕಾಯಿತು. ಮನೆಯದು ಅಂದಮಾತ್ರಕ್ಕೆ ಸುಮ್ನೆ ಹಚ್ಚಿಕೊಳ್ಳುವ ಹಾಗಿಲ್ಲ. ಈಗ ಏನೇ ಮಾಡಿದರೂ ಮೊದಲು ಮೊಣಕೈ ಒಳಗೆ ಸ್ವಲ್ಪ ಹಚ್ಚಿ ಒಂದು ದಿನ ಕಾಯುತ್ತೇನೆ.

ಇನ್ನು ಮೊಸರು. ಅಂಗಡಿಯ ವೀಗನ್ ಮೊಸರಿನ ಬೆಲೆ ನೋಡಿ ಮನೆಯಲ್ಲೇ ಮಾಡೋಣ ಅಂತ ಕಡಲೆಕಾಯಿ ಬೀಜ ಹಿಡಿದೆ. ಒಂದು ಲೋಟ ಬೀಜ ರಾತ್ರಿ ನೆನೆಹಾಕಿ, ಬೆಳಿಗ್ಗೆ ಉಜ್ಜಿ ಸಿಪ್ಪೆ ತೆಗೆದು, ಮೂರು ಲೋಟ ನೀರು ಹಾಕಿ ನುಣ್ಣಗೆ ರುಬ್ಬಿ, ಪಂಚೆ ಬಟ್ಟೆಯಲ್ಲಿ ಹಿಂಡಿದರೆ ಹಾಲು. ಸಣ್ಣ ಉರಿಯಲ್ಲಿ ಕೈ ಬಿಡದೆ ಕಾಯಿಸಬೇಕು, ತಳ ಹಿಡಿಯುವುದು ಬೇಗ. ಹಸಿ ವಾಸನೆ ಹೋಗಿ, ಹಾಲು ಚಮಚದ ಹಿಂಭಾಗಕ್ಕೆ ತೆಳುವಾಗಿ ಅಂಟುವಷ್ಟಾದರೆ ಇಳಿಸಿ.

ಹೆಪ್ಪಿಗೆ ಏನು ಮಾಡೋದು? ಹಸಿಮೆಣಸಿನಕಾಯಿ ತೊಟ್ಟು. ಹೌದು, ತೊಟ್ಟೇ. ಬೆರಳು ಇಟ್ಟರೆ ಹಿತವಾಗಿ ಬಿಸಿ ಅನ್ನಿಸುವಾಗ ತೊಳೆದ ಎಂಟು ತೊಟ್ಟು ಹಾಕಿ ಮುಚ್ಚಿಟ್ಟೆ. ಅದರ ಮೇಲಿರುವ ಬ್ಯಾಕ್ಟೀರಿಯಾಗಳೇ ಹಾಲನ್ನು ಹುಳಿ ಮಾಡುತ್ತವೆ. ಮಾರನೆ ದಿನ ಮೇಲೆ ನೀರು, ಕೆಳಗೆ ಗಂಟು. ಅತ್ತೆ ಬಗ್ಗಿ ನೋಡಿ, “ಏನೇ ಇದು, ಒಡೆದು ಹೋಗಿದೆ” ಅಂದರು. ಹುಳಿ ವಾಸನೆ ಮಾತ್ರ ಸರಿಯಾಗಿತ್ತು. ಅದರಲ್ಲಿ ಎರಡು ಚಮಚ ಎತ್ತಿಟ್ಟು ಮತ್ತೆ ಹೊಸ ಹಾಲಿಗೆ ಹಾಕಿದೆ. ಎರಡನೇ ಸಲ ಗಡ್ಡೆ ಮೊಸರು! ಬೇಸಿಗೆಯಲ್ಲಿ ಎಂಟು ಗಂಟೆ ಸಾಕು. ಡಿಸೆಂಬರಿನಲ್ಲಿ ಹಾಟ್‌ಬಾಕ್ಸ್ ಒಳಗಿಟ್ಟರೂ ಹನ್ನೆರಡು ಗಂಟೆ ಬೇಕು. ವಾಸನೆ ಬೇರೆ ಥರ ಇದ್ದರೆ, ಬಣ್ಣದ ಬೂಷ್ಟು ಕಂಡರೆ ಯೋಚನೆ ಮಾಡದೆ ಚೆಲ್ಲಿ.

ರುಚಿ ವಿಷಯದಲ್ಲಿ ಸುಳ್ಳು ಹೇಳಲ್ಲ. ಕಡಲೆಕಾಯಿ ವಾಸನೆ ಪೂರ್ತಿ ಹೋಗುವುದಿಲ್ಲ. ಬರೀ ಅನ್ನಕ್ಕೆ ಕಲಸಿಕೊಂಡರೆ ನನಗೆ ಸೇರಲ್ಲ. ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ ಬಿದ್ದರೆ ಸರಿ. ಮಜ್ಜಿಗೆಹುಳಿಗೆ ಮಾತ್ರ ಹಾಲಿನ ಮೊಸರಿಗಿಂತ ಇದೇ ಚೆನ್ನ, ತೆಂಗಿನಕಾಯಿ ಜೊತೆ ಹೊಂದಿಕೊಳ್ಳುತ್ತದೆ. ಹಿಂಡಿದ ಮೇಲೆ ಬಟ್ಟೆಯಲ್ಲಿ ಉಳಿಯುವ ಹಿಪ್ಪೆ ಅಕ್ಕಿ ರೊಟ್ಟಿ ಹಿಟ್ಟಿಗೆ ಹೋಗುತ್ತದೆ.

ಉಳಿದ ಅಡುಗೆಗೆ ಹೊಸದೇನೂ ಬೇಕಾಗಲಿಲ್ಲ ಅನ್ನಿ. ಮುದ್ದೆ, ಬಸ್ಸಾರು, ಹುಚ್ಚೆಳ್ಳು ಚಟ್ನಿ, ಒತ್ತುಶಾವಿಗೆಗೆ ಕಾಯಿಹಾಲು, ಇದರಲ್ಲೆಲ್ಲ ಹಾಲು ಎಲ್ಲಿತ್ತು? ಕ್ಯಾಲ್ಸಿಯಂ ಚಿಂತೆಯಿತ್ತು. 100 ಗ್ರಾಂ ರಾಗಿಯಲ್ಲೇ 300 ಮಿಲಿಗ್ರಾಂಗಿಂತ ಜಾಸ್ತಿ ಇದೆ ಅಂತ ಗೊತ್ತಾದ ಮೇಲೆ ಸ್ವಲ್ಪ ಸಮಾಧಾನ. ಬಿ12 ಮಾತ್ರ ಕಡಲೆಕಾಯಿ ಮೊಸರಿನಿಂದ ಬರುವುದಿಲ್ಲ. ಅದಕ್ಕೆ ಮಗಳು ಡಾಕ್ಟರ್ ಹೇಳಿದ ಮಾತ್ರೆ ತೆಗೆದುಕೊಳ್ಳುತ್ತಾಳೆ. ಈ ವಿಷಯದಲ್ಲಿ ನಾನೂ ಬಿಡಲಿಲ್ಲ, ಅವಳೂ ಹಟ ಮಾಡಲಿಲ್ಲ.

ಬೀಟ್‌ರೂಟ್ ತುಟಿರಂಗು ಮಾಡಿ ಬಿಟ್ಟೆ, ಫ್ರಿಜ್‌ನಲ್ಲೂ ನಾಲ್ಕೇ ದಿನ. ಕಾಡಿಗೆಗೆ ಕೈ ಹಾಕಿಲ್ಲ, ಕಣ್ಣಿನ ಮೇಲೆ ಪ್ರಯೋಗ ಮಾಡುವ ಧೈರ್ಯ ನನಗಿಲ್ಲ. ಅಂಟುವಾಳದ ನೀರನ್ನು ಈಗಲೂ ಮಾಡುತ್ತೇನೆ, ಆದರೆ ಹತ್ತು ಕಾಯಿಗೆ ಅರ್ಧ ಲೀಟರ್ ಅಷ್ಟೇ. ಫ್ರಿಜ್‌ನಲ್ಲಿಟ್ಟು ವಾರದೊಳಗೆ ಪಾತ್ರೆಗೂ, ಅತ್ತೆಯ ರೇಷ್ಮೆ ಸೀರೆಗೂ ಖರ್ಚು ಮಾಡಿಬಿಡುತ್ತೇನೆ. ಬಚ್ಚಲುಮನೆಯಲ್ಲಿ ಇವತ್ತಿನ ಲೆಕ್ಕ ಎರಡು ಬಾಟಲಿ. ಎರಡೂ ನಮ್ಮ ಯಜಮಾನರದು. ಸೀಗೆಪುಡಿ ಒಂದು ಸಲ ಕಣ್ಣಿಗೆ ಹೋಗಿದ್ದೇ ಸಾಕಾಗಿದೆಯಂತೆ ಅವರಿಗೆ.