ಎಂಡೆವರ್ ಪದಕ್ಕೆ ಬಾಲ ಕಟ್ಟಿ ಕಲಿಸಿದ ನನ್ನ ಅನುಭವ

ಕನ್ನಡ ಮೀಡಿಯಂ ಮಕ್ಕಳಿಗೆ ಎಂಡೆವರ್ (endeavour, ಅಂದರೆ ಪ್ರಯತ್ನ) ಎಲ್ಲ ಯಾಕೆ, ಟ್ರೈ ಮತ್ತು ಎಫರ್ಟ್ ಸರಿಯಾಗಿ ಬರೆದರೆ ಸಾಕು ಅಂತ ಕಾಸರಗೋಡಿನ ಬದಿಯಡ್ಕದ ಸುತ್ತಮುತ್ತ ಇಂಗ್ಲಿಷ್ ಹೇಳಿಕೊಡುವ ಸುಮಾರು ಜನ ನನಗೆ ಹೇಳಿದ್ದರು. ಈಗ ನನ್ನ ಸಂಜೆ ತರಗತಿಯ ಹೆಚ್ಚಿನ ಮಕ್ಕಳು ಅದನ್ನು ತಪ್ಪಿಲ್ಲದೆ ಬರೆಯುತ್ತಾರೆ. ಅದಕ್ಕೇ ಈ ಬರಹ. ವ್ಯಾಕರಣದ ಪಾಠ ಮಾಡುವುದಿಲ್ಲ, ಕಲಿಸುವವರಿಗೆ ಅದು ಗೊತ್ತಿರುವುದೇ.

ಹಗಲು ನನ್ನದು ಟೈಪಿಂಗ್, ಅರ್ಜಿ ಬರೆಯುವ ಅಂಗಡಿ. ಸಂಜೆ ಅಲ್ಲೇ ಪ್ಲಸ್ ಟೂ, ಡಿಗ್ರಿ ಮಕ್ಕಳಿಗೆ ಇಂಗ್ಲಿಷ್ ಬರವಣಿಗೆ. ಕಾಸರಗೋಡಿನ ಸ್ಥಿತಿ ಗೊತ್ತಲ್ವಾ. 1956ರಲ್ಲಿ ಕೇರಳಕ್ಕೆ ಸೇರಿದಲ್ಲಿಂದ ಮನೆಯಲ್ಲಿ ತುಳುವೋ ಹವ್ಯಕವೋ, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ. ಮಲಯಾಳ ಮಾತಾಡಲು ಎಲ್ಲರಿಗೂ ಬರುತ್ತದೆ, ಬರೆಯಲು ತುಂಬ ಜನರಿಗೆ ಬರುವುದಿಲ್ಲ, ಹಾಗಾಗಿ ದೊಡ್ಡ ವಿಷಯ ಅಂತಾದರೆ ಇಂಗ್ಲಿಷ್‌ನಲ್ಲೇ ಅರ್ಜಿ ಹಾಕುತ್ತಾರೆ. ಒಳ್ಳೆಯ ಇಂಗ್ಲಿಷ್ ಪತ್ರಕ್ಕೆ ನಮ್ಮಲ್ಲಿ ಬೆಲೆ ಇದೆ. ಬರೀ ಟೈಪಿಂಗ್‌ಗೆ ಪುಟಕ್ಕೆ ಮೂವತ್ತು ನಲವತ್ತು ರೂಪಾಯಿ ಸಿಕ್ಕರೆ, ಡ್ರಾಫ್ಟ್ ಮಾಡಿ ಕೊಟ್ಟರೆ ಇನ್ನೂರು ಮುನ್ನೂರು ಕೊಡುತ್ತಾರೆ.

ಎಂಡೆವರ್ ನಮ್ಮೂರಿಗೆ ಬಂದದ್ದು ಗಲ್ಫ್‌ನಿಂದ ಅಂತಲೇ ನಾನು ಹೇಳುವುದು. ಅಲ್ಲಿಂದ ವಾಪಸ್ ಬಂದವರು ತರುವ ರಿಲೀವಿಂಗ್ ಲೆಟರ್‌ನ ಕೊನೆಯಲ್ಲಿ 'ವಿ ವಿಶ್ ಹಿಮ್ ಸಕ್ಸೆಸ್ ಇನ್ ಆಲ್ ಹಿಸ್ ಫ್ಯೂಚರ್ ಎಂಡೆವರ್ಸ್' ಇದ್ದೇ ಇರುತ್ತದೆ. ಅದನ್ನು ನೋಡಿದವರಿಗೆಲ್ಲ ತಮ್ಮ ಪತ್ರದಲ್ಲೂ ಆ ಪದ ಬೇಕು.

ಮೊದಲು ಎಲ್ಲರ ಹಾಗೆ ಡಿಕ್ಷನರಿ ಹಿಡಿದೆ. ಡಜನ್ ಡಿಕ್ಷನರಿಗೆ ಹತ್ತಿರ ಹತ್ತಿರ ಐದು ಸಾವಿರ ಹೋಯಿತು. ಅರ್ಥ 'ಪ್ರಯತ್ನ' ಅಂತ ನೋಡಿಕೊಂಡ ಮಕ್ಕಳು ಕನ್ನಡದಲ್ಲಿ ಎಲ್ಲೆಲ್ಲಿ ಪ್ರಯತ್ನ ಬರುತ್ತದೋ ಅಲ್ಲೆಲ್ಲ ಇದನ್ನು ತಂದು ಕೂರಿಸಿದರು. 'ಐ ಪುಟ್ ಮಚ್ ಎಂಡೆವರ್'. 'ಐ ಆಮ್ ಎಂಡೆವರ್ ಫಾರ್ ಜಾಬ್'. 'ವಿ ವಿಲ್ ಟ್ರೈ ಟು ಎಂಡೆವರ್'. ಒಂದೊಂದು ಪೇಪರಿನಲ್ಲೂ ಒಂದೊಂದು ನಮೂನೆ.

ಆಮೇಲೆ ತಪ್ಪು ತಿದ್ದುವ ಸಾಫ್ಟ್‌ವೇರ್ ಹಾಕಿಸಿದೆ. ವರ್ಷಕ್ಕೆ ಹತ್ತು ಸಾವಿರದ ಆಸುಪಾಸು. ಅದು ಅಮೆರಿಕನ್ ಇಂಗ್ಲಿಷ್‌ಗೆ ಸೆಟ್ ಆಗಿ ಬಂದಿತ್ತು. ಕೊನೆಯಲ್ಲಿ ಓ-ಯು-ಆರ್ ಬರೆದರೆ ಕೆಂಪು ಗೆರೆ, ಯು ತೆಗೆದರೆ ಸರಿ. ನಮ್ಮ ಪಾಠ ಪುಸ್ತಕದಲ್ಲಿ ಯು ಇರುತ್ತದೆ. ಒಂದೇ ಪತ್ರದಲ್ಲಿ ಮೇಲೆ ಯು ಇರುವ ಎಂಡೆವರ್, ಕೆಳಗೆ ಯು ಇಲ್ಲದ್ದು. ಬ್ರಿಟಿಷ್‌ಗೆ ಬದಲಾಯಿಸಿದ ಮೇಲೆ ಆ ಗೋಳು ನಿಂತಿತು, ಆದರೆ 'ಪುಟ್ ಮೈ ಎಂಡೆವರ್' ಅನ್ನುವುದನ್ನು ಅದು ಸುಮ್ನೆ ಬಿಟ್ಟುಬಿಡುತ್ತಿತ್ತು. ಎರಡನೇ ವರ್ಷ ದುಡ್ಡು ಕಟ್ಟಲಿಲ್ಲ.

ಇದೇ ಯು ಇನ್ನೂ ಒಂದು ಕಡೆ ದುಡ್ಡು ತಿಂದಿತು. ಇಲ್ಲಿನ ಒಂದು ಸಂಘದ ಸ್ಮರಣ ಸಂಚಿಕೆಗೆ ಇಂಗ್ಲಿಷ್ ಭಾಗ ನಾನು ಬರೆದುಕೊಟ್ಟಿದ್ದೆ. ಪ್ರೆಸ್ಸಿನಲ್ಲಿ ಯಾರೋ ಮುಖಪುಟದ ಎಂಡೆವರ್‌ನ ಯು ತೆಗೆದು ಒಳಗಿನದ್ದು ಹಾಗೇ ಬಿಟ್ಟರು. ಮುಖಪುಟ ಮತ್ತೆ ಪ್ರಿಂಟ್ ಹಾಕಲು ನಾಲ್ಕು ಸಾವಿರದಷ್ಟು ಬಿತ್ತು. ಪ್ರೆಸ್ಸಿನವರು ಕೊಡಲಿಲ್ಲ, ಸಂಘದವರ ಹತ್ತಿರ ಕೇಳುವುದು ಸರಿ ಕಾಣಲಿಲ್ಲ, ನಾನೇ ಕೊಟ್ಟೆ.

ಕೊನೆಗೆ ಕೆಲಸ ಮಾಡಿದ್ದು ಹಳೆಯ ಮದುವೆ ಕಾಗದ. ಅದರ ಬಿಳಿ ಬದಿ ಕತ್ತರಿಸಿ ಚೀಟಿ ಮಾಡಿದೆ. ಖರ್ಚು ಒಂದು ಮಾರ್ಕರ್ ಪೆನ್ನಿನದ್ದು ಮಾತ್ರ. ಎಂಡೆವರ್ ಅಂತ ಬಿಡಿಯಾಗಿ ಯಾವ ಚೀಟಿಯಲ್ಲೂ ಬರೆಯಲಿಲ್ಲ. 'ಎಂಡೆವರ್ ಟು' ಅಂತ ಬಾಲ ಕಟ್ಟಿಯೇ ಬರೆದೆ, ನಡುವೆ ಜಾಗ ಬಿಡದೆ. ಬಾಲದ ನಂತರ ಕ್ರಿಯಾಪದದ ಮೂಲ ರೂಪ ಮಾತ್ರ: ಎಂಡೆವರ್ ಟು ಫಿನಿಶ್, ಎಂಡೆವರ್ ಟು ರಿಪ್ಲೈ. ಫಾರ್ ಬರಬಾರದು, ಇಂಗ್ ಬರಬಾರದು. ನಾಮಪದಕ್ಕೆ ಬೇರೆ ಬಣ್ಣದ ಚೀಟಿ: 'ಇನ್ ದಿಸ್ ಎಂಡೆವರ್', 'ಮೇಕ್ ಎವ್ರಿ ಎಂಡೆವರ್ ಟು'. ಪುಟ್ ಅನ್ನುವುದು ಎಫರ್ಟ್ ಚೀಟಿಯಲ್ಲಿ ಮಾತ್ರ. ಅರ್ಥ ಕೇಳಿದವರಿಗೆ ಮೊದಲ ವಾರ ಅರ್ಥ ಹೇಳಲೇ ಇಲ್ಲ. ಇದಕ್ಕೇ ಜಾಸ್ತಿ ಜನ ನಕ್ಕದ್ದು. ಅರ್ಥ ಗೊತ್ತಿಲ್ಲದೆ ಪದ ಕಲಿಸುವುದುಂಟಾ ಅಂತ ರಿಟೈರ್ ಆದ ಒಬ್ಬರು ಮೇಷ್ಟ್ರು ಅಂಗಡಿಗೇ ಬಂದು ಕೇಳಿದರು. ಆದರೆ ಅರ್ಥ ಮೊದಲು ಹೇಳಿದ ಬ್ಯಾಚು ಮತ್ತು ಬಾಲ ಮೊದಲು ಕಲಿತ ಬ್ಯಾಚು ಎರಡನ್ನೂ ನೋಡಿದವನು ನಾನು. ಮೊದಲ ಬ್ಯಾಚಿನಲ್ಲಿ ಹತ್ತರಲ್ಲಿ ಇಬ್ಬರು ಮೂವರು ಸರಿ ಬರೆದರೆ ದೊಡ್ಡದು, ಎರಡನೆಯದರಲ್ಲಿ ಏಳೆಂಟು ಜನ.

ಎರಡನೇ ವಾರ ಪರೀಕ್ಷೆ ಮಾಡಿ ನೋಡುವುದು ಕಲಿಸಿದೆ. ಎಂಡೆವರ್ ತೆಗೆದು ಅಲ್ಲಿ ಟ್ರೈ ಇಡಿ. 'ಟ್ರೈ ಟು' ಕೂತರೆ ಕ್ರಿಯಾಪದ, ಎಂಡೆವರ್ ಹಾಗೇ ಇರಲಿ. ಅಂಡರ್‌ಟೇಕಿಂಗ್ ಅಥವಾ ಪ್ರಾಜೆಕ್ಟ್ ಕೂತರೆ ನಾಮಪದ, ಆಗಲೂ ಇರಲಿ. ಎರಡೂ ಕೂರದೆ ಹಾರ್ಡ್ ವರ್ಕ್ ಮಾತ್ರ ಕೂರುತ್ತದೆ ಅಂತಾದರೆ ಎಂಡೆವರ್ ಹೊಡೆದು ಎಫರ್ಟ್ ಬರೆಯಿರಿ. ಒಂದು ಪತ್ರಕ್ಕೆ ಒಂದೇ ಎಂಡೆವರ್, ಎರಡನೆಯದು ಬಂದರೆ ನಾನು ಮಾರ್ಕು ಕತ್ತರಿಸುತ್ತೇನೆ. ಬಸ್ಸು ಹಿಡಿಯಲು, ರಜೆ ಕೇಳಲು ಈ ಪದ ಬೇಡ. ತುಂಬ ಕಾಲ ಹಿಡಿಯುವ, ಗಟ್ಟಿ ಕೆಲಸಕ್ಕೇ ಅದು ಒಪ್ಪುವುದು. ಆ ಒಂದನ್ನು ಪತ್ರದ ಯಾವ ಪ್ಯಾರಾದಲ್ಲಿ ಇಡಬೇಕು ಅನ್ನುವುದಕ್ಕೆ ನನ್ನ ಹತ್ತಿರ ಒಂದು ಲೆಕ್ಕ ಇದೆ, ಅದು ತರಗತಿಗೆ ಬಂದವರಿಗೆ ಮಾತ್ರ.

ಎಲ್ಲಿ ಹಾಕಬಾರದು ಅನ್ನುವುದಕ್ಕೆ ಒಂದು ಪತ್ರ ಹೇಳುತ್ತೇನೆ. ಪೆರ್ಲದ ಕಡೆಯ ಒಬ್ಬ ಅಡಿಕೆ ಬೆಳೆಗಾರರು ಸಾಲದ ಅವಧಿ ಮುಂದೆ ಹಾಕಲು ಬ್ಯಾಂಕಿಗೆ ಪತ್ರ ಕೊಟ್ಟಿದ್ದರು, ಮಗನೇ ಬರೆದದ್ದು. 'ಐ ಶಲ್ ಎಂಡೆವರ್ ಟು ರೀಪೇ ಬೈ ಜೂನ್'. ವ್ಯಾಕರಣದಲ್ಲಿ ಎಳ್ಳಷ್ಟೂ ತಪ್ಪಿಲ್ಲ. ಬ್ಯಾಂಕಿನವರು ಆ ಸಾಲಿನ ಕೆಳಗೆ ಪೆನ್ಸಿಲ್ ಎಳೆದು ವಾಪಸ್ ಕಳಿಸಿದರು. ನಾನು ಎಂಡೆವರ್ ಟು ಎರಡನ್ನೂ ಹೊಡೆದು 'ಐ ಶಲ್ ರೀಪೇ' ಮಾಡಿಕೊಟ್ಟೆ, ಅದು ಪಾಸಾಯಿತು. ಎಂಡೆವರ್ ಅಂದರೆ ಪ್ರಯತ್ನಕ್ಕೆ ಮಾತ್ರ ಮಾತು ಕೊಟ್ಟ ಹಾಗೆ, ಫಲಕ್ಕಲ್ಲ. ಇಂಗ್ಲೆಂಡಿನ ಕರಾರು ಪತ್ರಗಳಲ್ಲಿ 'ಬೆಸ್ಟ್ ಎಂಡೆವರ್ಸ್', 'ರೀಸನಬಲ್ ಎಂಡೆವರ್ಸ್' ಅಂತ ಬರುತ್ತದಲ್ಲ, ಅಲ್ಲೂ ಇದೇ ವಿಷಯ. ಬೆಸ್ಟ್ ಅಂದರೆ ಹೊಣೆ ಜಾಸ್ತಿ, ರೀಸನಬಲ್ ಅಂದರೆ ಕಡಿಮೆ, ಎರಡರಲ್ಲೂ ಕೆಲಸ ಆಗಿಯೇ ಆಗುತ್ತದೆ ಅನ್ನುವ ಭರವಸೆ ಇಲ್ಲ. ಅದೇ ಪದ ಶಾಲೆಗಳ ಅರ್ಜಿಯಲ್ಲಿ ಚೆನ್ನಾಗಿ ದುಡಿಯುತ್ತದೆ. ಕನ್ನಡ ಬಾರದ ಮೇಷ್ಟ್ರನ್ನು ಕನ್ನಡ ತರಗತಿಗೆ ಹಾಕಿದಾಗ ಪೋಷಕರು ಕೊಡುವ ಮನವಿಯಲ್ಲಿ 'ವಿ ಹ್ಯಾವ್ ಮೇಡ್ ಎವ್ರಿ ಎಂಡೆವರ್ ಟು' ಅಂತ ಶುರು ಮಾಡಿ, ಇದುವರೆಗೆ ಯಾರನ್ನು ಕಂಡೆವು, ಯಾವಾಗ ಬರೆದೆವು ಅಂತ ತಾರೀಕು ಹಾಕಿದರೆ ಪತ್ರಕ್ಕೆ ತೂಕ ಬರುತ್ತದೆ. ನನ್ನ ತರಗತಿಯ ಹುಡುಗಿಯೊಬ್ಬಳು ಅಂಥ ಒಂದು ಮನವಿಯನ್ನು ಪೂರ್ತಿ ತಾನೇ ಬರೆದಳು, ನಾನು ಒಂದು ಕಾಮಾ ಕೂಡ ಮುಟ್ಟಲಿಲ್ಲ.

ಸ್ಪೆಲಿಂಗ್‌ಗೆ ಕಥೆ ಹೇಳಿದ್ದು ಒಳ್ಳೆಯದಾಯಿತು. ಬ್ರಿಟಿಷ್ ನಾವಿಕ ಕ್ಯಾಪ್ಟನ್ ಕುಕ್ 1768ರಲ್ಲಿ ಇಂಗ್ಲೆಂಡಿನಿಂದ ಹೊರಟ ಹಡಗಿನ ಹೆಸರು ಎಂಡೆವರ್, ಮೊದಲು ಅದು ಕಲ್ಲಿದ್ದಲು ಸಾಗಿಸುತ್ತಿದ್ದ ಹಡಗು. 1992ರಲ್ಲಿ ಮೊದಲ ಸಲ ಹಾರಿದ ನಾಸಾದ ಬಾಹ್ಯಾಕಾಶ ಶಟಲ್‌ಗೆ ಅದೇ ಹೆಸರು. ಅಮೆರಿಕದ್ದಾದರೂ ಕುಕ್‌ನ ಹಡಗಿನ ಹೆಸರಾದ್ದರಿಂದ ಯು ಉಳಿಸಿಕೊಂಡರು. 2007ರಲ್ಲಿ ಉಡಾವಣೆಯ ಜಾಗದಲ್ಲೇ ಯು ಇಲ್ಲದ ಬ್ಯಾನರ್ ಕಟ್ಟಿ ಆಮೇಲೆ ಬದಲಾಯಿಸಬೇಕಾಯಿತು. ಇದನ್ನು ಕೇಳಿದ ಮಕ್ಕಳು ಮತ್ತೆ ಯು ಬಿಟ್ಟದ್ದು ಕಡಿಮೆ. ಉಚ್ಚಾರಕ್ಕೆ ಕನ್ನಡ ಲಿಪಿಯೇ ಸಾಕಾಯಿತು: ಎನ್-ಡೆ-ವರ್, ಒತ್ತು ನಡುವಿನ ಡೆ ಮೇಲೆ. ಡೀ ಅಲ್ಲ.

ಬಾಲ ಕಟ್ಟುವುದನ್ನು ಬೇರೆ ಪದಗಳಿಗೂ ಮಾಡಿ ನೋಡಿದೆ. ಅಟೆಂಪ್ಟ್ ಸಲೀಸಾಗಿ ಒಗ್ಗಿತು, ಅದಕ್ಕೂ ಟು ಸಾಕು. ಸ್ಟ್ರೈವ್ ಕೈಕೊಟ್ಟಿತು, ಯಾಕೆಂದರೆ ಅದಕ್ಕೆ ಟು, ಫಾರ್ ಎರಡೂ ಬರುತ್ತದೆ, ಮಕ್ಕಳು ಆ ಫಾರ್ ತಂದು ಎಂಡೆವರ್‌ಗೂ ಅಂಟಿಸಿದರು. ಸ್ಟ್ರೈವ್ ಚೀಟಿ ಎಲ್ಲ ವಾಪಸ್ ತೆಗೆದುಕೊಂಡೆ. ಇನ್ನು ಬಳಸುವುದಾದರೆ ಬೇರೆ ತಿಂಗಳಲ್ಲಿ, ಬೇರೆ ಬಣ್ಣದಲ್ಲಿ. ಈ ಮಳೆಗಾಲದ ಬ್ಯಾಚಿಗೆ ಅಂಡರ್‌ಟೇಕ್ ತೆಗೆದುಕೊಂಡಿದ್ದೇನೆ, ಅದರ ಚೀಟಿ ಕತ್ತರಿಸಿ ಆಗಿದೆ.